ಅಪ್ಪ ಕಚ್ಚಿದ ಅರ್ಧ

ಕುರ್ಚಿ ಇನ್ನೂ ಅಲ್ಲೇ ಇದೆ, ಗಾಳಿಗೆ ಒಮ್ಮೆ ಅಲುಗಿ ಮತ್ತೆ ನಿಂತಿತು, ಒಂದು ಕಾಲು ಮೊದಲಿನಿಂದಲೂ ಗಿಡ್ಡ, ಅಪ್ಪ ಅದರಡಿಗೆ ಕೋಟಿನ ಬಟ್ಟೆಯ ಚೂರನ್ನು ಮಡಿಸಿ ಕೊಡುತ್ತಿದ್ದ — ಅಡುಗೆಮನೆಯಲ್ಲಿ ನಿಂತೇ ಊಟದ ಮೇಜಿನ ಮೇಲಿಂದ, ಸೋಫಾದ ಮೇಲಿಂದ, ಮುಂಬಾಗಿಲ ಗಾಜಿನಾಚೆಗೆ ಬೀದಿ ಕಾಣುತ್ತದೆ, ನಮ್ಮ ಸಾಲುಮನೆಗಳೆಲ್ಲ ಹೀಗೇ, ಮುಂದೆ ನಿಂತು ಸೀನಿದರೆ ಹಿಂದಿನವರು ದೇವರು ಕಾಪಾಡಲಿ ಅನ್ನಬೇಕು, ಅಷ್ಟು ನೇರ — ಎರಡು ಕಾರುಗಳ ನಡುವೆ ನನ್ನ ಹಳದಿ ಕುರ್ಚಿ ಕೂತಿದೆ, ಮೇನಾ ಅಕ್ಕನ ಕಾರಿಗೆ ಹಿಡಿದಿಟ್ಟ ಜಾಗ. ದಕ್ಷಿಣ ಫಿಲಡೆಲ್ಫಿಯಾದಲ್ಲಿ ಬೇರೆಯವರ ಹೆಂಡತಿಯ ಮೇಲೆ ಕಣ್ಣು ಹಾಕಿದವರನ್ನಾದರೂ ಕ್ಷಮಿಸುತ್ತಾರೆ, ಬೀದಿಯಲ್ಲಿಟ್ಟ ಕುರ್ಚಿ ಎತ್ತಿದವನನ್ನು ಯಾರೂ ಕ್ಷಮಿಸುವುದಿಲ್ಲ. ಬೆಳಿಗ್ಗೆ ಏಳಕ್ಕೇ ಇಟ್ಟೆ. ಅವಳು ಬರುವುದು ಒಂದಕ್ಕೆ. ನನ್ನ ಗಂಡ ಕಾರ್ಮೈನ್ ಟ್ರಾಲಿ ಓಡಿಸಲು ಹೊರಟವನು ಮೆಟ್ಟಿಲ ಮೇಲೆ ನಿಂತು ನೋಡಿದ, ಆರು ವರ್ಷ ಮಾತಾಡದವಳಿಗೆ ಆರು ಗಂಟೆ ಮೊದಲೇ ಜಾಗ ಹಿಡಿದಿದೀಯಲ್ಲೇ, ನಾನು ದಿನಾ ಮೂರು ಬೀದಿ ಸುತ್ತಿ ಬರ್ತೀನಿ, ನನಗ್ಯಾವತ್ತಾದ್ರೂ ಒಂದು ಸ್ಟೂಲಾದ್ರೂ ಇಟ್ಟಿದೀಯಾ ಅಂದ. ಹೋಗು ಮಾರಾಯ ಅಂದೆ. ಹೋದ, ಆದರೆ ಹೋಗುವ ಮೊದಲು ಬೇಕರಿಯಿಂದ ಉದ್ದ ಬ್ರೆಡ್ಡುಗಳನ್ನು ತಂದು ಮೇಜಿನ ಮೇಲಿಟ್ಟಿದ್ದ, ಒಂಬತ್ತಾದರೆ ಖಾಲಿಯಾಗುತ್ತವೆ ಅಂತ ಗೊತ್ತಿದ್ದು, ಇನ್ನೂ ಬೆಚ್ಚಗಿದ್ದವು, ಕಾಗದದ ಚೀಲದ ಒಳಗೆಲ್ಲ ಆವಿ, ಇಪ್ಪತ್ತೆಂಟು ವರ್ಷದಿಂದ ಈ ಮನುಷ್ಯ ಹೀಗೇ, ಬಾಯಲ್ಲಿ ಒಂದು ಕೈಯಲ್ಲಿ ಇನ್ನೊಂದು.

ಮಾಂಸ ಇನ್ನೂ ಹತ್ತು ನಿಮಿಷ ಫ್ರೀಜರಿನಲ್ಲಿರಬೇಕು, ಒಮ್ಮೆ ತೆಗೆದೆ, ಬೇಗ ತೆಗೆದೆ, ಬೆರಳಿಟ್ಟರೆ ಒಳಗೆ ಹೋಯಿತು, ಮತ್ತೆ ಒಳಗಿಟ್ಟೆ — ಪೂರ್ತಿ ಕಲ್ಲಾಗಬಾರದು, ಮೆತ್ತಗೂ ಇರಬಾರದು, ಬೆಳಗಿನ ಬೆಣ್ಣೆಯ ಹಾಗಿರಬೇಕು, ಆಗ ಚಾಕು ಇಳಿಯುತ್ತದೆ, ಕಾಗದದಷ್ಟು ತೆಳ್ಳಗೆ. ಅಪ್ಪ ಸೂಟು ಹೊಲಿಯುವ ಕಾರ್ಖಾನೆಯಲ್ಲಿ ಪ್ಯಾಂಟು ಕತ್ತರಿಸುವವನು, ನಲವತ್ತೊಂದು ವರ್ಷ, ಅವನಿಗೆ ಮಾಂಸವೂ ಬಟ್ಟೆಯೇ. ಎಳೆ ಎತ್ಲಾಗೆ ಹೋಗಿದೆ ನೋಡು ವೀರಾ, ಬಟ್ಟೇನ ಎಳೆ ಜೊತೆಗೆ ಕತ್ತರಿಸ್ಬೇಕು, ಮಾಂಸಾನ ಎಳೆಗೆ ಅಡ್ಡ, ಉಲ್ಟಾ ಮಾಡಿದ್ರೆ ಬಟ್ಟೆ ಸೊಟ್ಟ ಆಗುತ್ತೆ, ಹಲ್ಲು ಸೊಟ್ಟ ಆಗುತ್ತೆ. ಶನಿವಾರ ಅರ್ಧ ದಿನ ಕೆಲಸ, ಒಂದೂವರೆಗೆ ಮನೆಗೆ ಬರುತ್ತಿದ್ದ, ಇಸ್ತ್ರಿ ಮಾಡಿದ ಪ್ಯಾಂಟಿನ ಗೆರೆ ಚಾಕುವಿನಂತೆ, ಟೈ ಬಿಚ್ಚುತ್ತಿರಲಿಲ್ಲ, ಹಿಡಿದು ಎಡಭುಜದ ಮೇಲಿಂದ ಬೆನ್ನಿಗೆ ಎಸೆಯುತ್ತಿದ್ದ, ಆಮೇಲೆ ಕಬ್ಬಿಣದ ಬಾಣಲೆ. ಬೀದಿಯ ಮೂಲೆಮೂಲೆಯಲ್ಲಿ ಮಾಂಸ ಚೀಸು ತುಂಬಿದ ಸ್ಟೇಕ್ ಸ್ಯಾಂಡ್‌ವಿಚ್ಚಿನ ಅಂಗಡಿ ಇರುವಾಗ ಮನೆಯಲ್ಲಿ ಯಾಕೆ ಹೊಗೆ ಎಬ್ಬಿಸ್ತಿ ಅಂತ ಪಕ್ಕದವರು ನಗುತ್ತಿದ್ದರು, ಅವರದ್ದು ಎಲ್ಲಾ ಸೈಜಿಗೂ ಒಂದೇ ರೆಡಿಮೇಡ್, ನಂದು ಅಳತೆ ತಗೊಂಡು ಮಾಡಿದ್ದು ಅನ್ನುತ್ತಿದ್ದ ಅಪ್ಪ. ಸ್ಯಾಂಡ್‌ವಿಚ್ಚನ್ನು ಅವನು ಕೂತು ತಿಂದದ್ದೇ ಇಲ್ಲ. ಕಾಲೆರಡನ್ನೂ ಹಿಂದೆ ಸರಿಸಿ, ಸೊಂಟದಿಂದ ಮುಂದೆ ಬಾಗಿ, ಗದ್ದವನ್ನು ತಟ್ಟೆಯ ಮೇಲೆ ತಂದು ತಿನ್ನುತ್ತಿದ್ದ, ದೇವರ ಮುಂದೆ ಬಾಗಿದ ಹಾಗೆ, ಎಣ್ಣೆ ಒಂದು ಹನಿ ಪ್ಯಾಂಟಿನ ಮೇಲೆ ಬಿದ್ದರೆ ಅವನ ಕಸುಬಿಗೇ ಅವಮಾನ. ನಾವಿಬ್ಬರೂ ಅವನ ಅಕ್ಕಪಕ್ಕ ಹಾಗೆಯೇ ಬಾಗುತ್ತಿದ್ದೆವು, ನಾನು ಎಂಟು, ಮೇನಾ ಹದಿನಾಲ್ಕು, ಮೂವರೂ ಒಂದೇ ಸಾಲಿನಲ್ಲಿ, ಕಚ್ಚಿ ಎಳೆದಾಗ ಬಾಯಿಗೂ ಬ್ರೆಡ್ಡಿಗೂ ನಡುವೆ ಚೀಸಿನ ಎಳೆ, ಯಾರದ್ದು ಉದ್ದ, ಯಾರದ್ದು ಮೊದಲು ಕಡಿಯುತ್ತದೆ — ಬೆರಳು ಹಾಕಬೇಡಿ, ಕಡೀಬೇಡಿ, ಅದಾಗೇ ಬರಲಿ ಅನ್ನುತ್ತಿದ್ದ ಅಪ್ಪ.

ಈರುಳ್ಳಿ ಸಣ್ಣ ಉರಿಯಲ್ಲಿದೆ, ಅಂಚು ಕಂದಾಗುತ್ತಿದೆ, ವಾಸನೆ ಎದ್ದಿತು. ಪಕ್ಕದಲ್ಲಿ ಬಟ್ಟಲು, ಬಟ್ಟಲಿನ ಮೇಲೆ ಮುಚ್ಚಿದ ತಟ್ಟೆ, ಅದರಡಿಯಲ್ಲಿ ಹೆಚ್ಚಿದ ಹಸಿರು ದಪ್ಪಮೆಣಸಿನಕಾಯಿ, ನಾಲ್ಕು ಮೊಟ್ಟೆ. ಇದನ್ನು ಯಾಕೆ ಇಟ್ಟುಕೊಂಡೆ, ಅವಳು ಕೇಳಿದ್ದು ಇದನ್ನಲ್ಲ, ಆದರೂ ಇಟ್ಟುಕೊಂಡೆ, ತಪಸ್ಸುಕಾಲದ ಶುಕ್ರವಾರ ಇವತ್ತು, ಈಸ್ಟರಿನವರೆಗಿನ ಶುಕ್ರವಾರಗಳಲ್ಲಿ ಮಾಂಸ ಮುಟ್ಟುವಂತಿಲ್ಲ, ಈ ಬೀದಿಯಲ್ಲಿ ಇವತ್ತು ಯಾರ ಮನೆಯಿಂದಲೂ ಮಾಂಸದ ವಾಸನೆ ಬರುತ್ತಿಲ್ಲ, ಎಲ್ಲರ ಮನೆಯಲ್ಲೂ ಮೆಣಸಿನಕಾಯಿ ಮೊಟ್ಟೆಯ ಸ್ಯಾಂಡ್‌ವಿಚ್, ಚರ್ಚಿಗೆ ಕಾಲಿಡದವರ ಮನೆಯಲ್ಲೂ ಅದೇ, ಕಾರ್ಮೈನನೇ ಇಡೀ ವರ್ಷ ದೇವರನ್ನು ನೆನೆಯುವುದಿಲ್ಲ, ಈ ಏಳು ಶುಕ್ರವಾರ ಮಾತ್ರ ಊಟದ ಡಬ್ಬಿ ತೆರೆದು ಮಾಂಸ ಇಲ್ಲ ತಾನೇ ಅಂತ ಮೂಸಿ ನೋಡಿ ಹೋಗುತ್ತಾನೆ. ಇವತ್ತು ಕಿಟಕಿ ಮುಚ್ಚಿದ್ದೇನೆ. ಐವತ್ತನಾಲ್ಕು ವರ್ಷದ ಹೆಂಗಸು, ನನ್ನ ಮನೆಯಲ್ಲಿ ನಾನು ಕಳ್ಳಿಯ ಹಾಗೆ. ಸೋಮವಾರ ಮೇನಾಳ ಫೋನು ಬಂದಾಗ ಆ ಕಡೆಯ ಉಸಿರಿನಲ್ಲೇ ಗುರುತು ಸಿಕ್ಕಿತ್ತು, ವೀರಾ, ನಾನು ಅಂದಳು, ನಿನ್ನೆ ಸಂಜೆ ಮಾತು ನಿಲ್ಲಿಸಿದ ಹಾಗೆ. ಸೇತುವೆಯಾಚೆ ನ್ಯೂಜರ್ಸಿಯಲ್ಲಿರುವ ಅವಳ ಚರ್ಚಿಗೆ ಹೊಸ ಫಾದರ್ ಬಂದಿದ್ದಾರಂತೆ, ಕಾಫಿ ಕುಡಿಯುತ್ತಾ ಯಾರಿಗೋ ಹೇಳುತ್ತಿದ್ದರಂತೆ, ಕಾಯಿಲೆಯವರಿಗೆ ಈ ನಿಯಮ ಇಲ್ಲ, ಯಾವತ್ತೂ ಇರಲಿಲ್ಲ, ಸಾಯುವವರು ಏನು ಕೇಳಿದರೂ ಕೊಡಬಹುದು ಅಂತ. ಇವಳ ಕೈಯಲ್ಲಿದ್ದ ಕಾಫಿ ಕಪ್ಪು ಕೈಯಲ್ಲೇ ನಿಂತಿತಂತೆ. ಇದನ್ನೆಲ್ಲ ಅಳದೆ ಹೇಳಿದಳು, ಮೇನಾ ಅಳುವುದಿಲ್ಲ. ಆಮೇಲೆ ಹೇಳಿದಳು, ಶುಕ್ರವಾರ ಬರ್ತೀನಿ, ಅಪ್ಪನಿಗೆ ಮಾಡ್ಕೊಂಡು ಬಂದಿದ್ಯಲ್ಲ, ಅದನ್ನೇ ಮಾಡು. ಅಕ್ಕಾ, ಶುಕ್ರವಾರ ಅಂದ್ರೆ ಅಂತ ನಾನು ರಾಗ ಎಳೆದೆ. ಯಾವ ದಿನ ಅಂತ ನನಗೆ ಗೊತ್ತಿದೆ, ಅವನ ಕೈಯಿಂದ ಕಿತ್ಕೊಂಡಿದ್ದನ್ನ ನಾನು ತಿನ್ನಬೇಕು, ಅದೇ ದಿನ ತಿನ್ನಬೇಕು, ಆ ಪಾಪ ನನಗೇ ಇರಲಿ. ಇಷ್ಟೇ. ಇಟ್ಟಳು. ಇಟ್ಟ ಮೇಲೂ ನಾನು ಫೋನು ಹಿಡಿದುಕೊಂಡೇ ನಿಂತಿದ್ದೆ, ಹೇಳಬೇಕಾಗಿತ್ತು, ಆಗಲೇ ಹೇಳಬೇಕಾಗಿತ್ತು.

ಈಗ ಸರಿಯಾಗಿದೆ ಮಾಂಸ, ಚಾಕು ಇಳಿಯುತ್ತಿದೆ, ಸದ್ದೂ ಹಿಮ ತುಳಿದ ಹಾಗೆ, ಒಂದೊಂದು ಪದರವೂ ಬಟ್ಟೆಯ ಪಟ್ಟಿಯ ಹಾಗೆ ಮಡಚಿ ಬೀಳುತ್ತಿದೆ, ಬೆರಳ ತುದಿಗೆ ಜೋಮು — ಆರು ವರ್ಷದ ಹಿಂದೆ ಅಪ್ಪ ಮಲಗಿದ್ದ ಆಸ್ಪತ್ರೆಯ ಕೋಣೆಯೂ ತಣ್ಣಗಿತ್ತು, ವಾಸಿಯಾಗುವವರು ಅಲ್ಲಿಗೆ ಹೋಗುವುದಿಲ್ಲ, ಗೋಡೆ ಪೀಚ್ ಹಣ್ಣಿನ ಬಣ್ಣ, ಕಿಟಕಿಯಾಚೆ ಕಾರು ನಿಲ್ಲಿಸುವ ಮೈದಾನ, ಅಪ್ಪ ಅದನ್ನು ನೋಡಿ ಇಷ್ಟೊಂದು ಜಾಗ, ಒಂದು ಕುರ್ಚೀನೂ ಇಲ್ಲ ಅಂದಿದ್ದ. ಎಂಬತ್ತಾರು ವರ್ಷ, ಎಂಟು ದಿನದಿಂದ ಏನೂ ತಿಂದಿರಲಿಲ್ಲ, ಗುರುವಾರ ಸಂಜೆ ನನ್ನ ತೋಳು ಹಿಡಿದು ವೀರಾ, ನಾಳೆ ಒಂದು ಸ್ಟೇಕ್ ಮಾಡ್ಕೊಂಡು ಬಾ, ಹಳೇ ಚೀಸ್ ಹಾಕು, ಸೀಸೆಯಲ್ಲಿ ಬರೋ ಕಿತ್ತಳೆ ಬಣ್ಣದ್ದು ಬೇಡ, ನಿನ್ನ ಗಂಡ ತಿಂತಾನಲ್ಲ ಅದು, ಅದನ್ನ ಕೋಟಿನ ಕಾಲರಿಗೆ ಅಂಟಿಸೋಕೆ ಬಳಸ್ಬೋದು ಅಂದ. ನಾಳೆ ಯಾವ ದಿನ ಅಂತ ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಶುಭ ಶುಕ್ರವಾರ, ವರ್ಷದ ಎಲ್ಲ ಶುಕ್ರವಾರಗಳ ಅಪ್ಪನಂಥ ಶುಕ್ರವಾರ. ಮಾಡಿಕೊಂಡು ಹೋದೆ. ಕೋಟಿನೊಳಗೆ ಎದೆಗೆ ಒತ್ತಿ ಹಿಡಿದು, ಬಿಸಿ ಆರದಂತೆ ಎರಡು ಸುತ್ತು ಬೆಳ್ಳಿಕಾಗದ. ಮೇನಾ ಕೆಳಗಿನ ಪ್ರಾರ್ಥನಾಮಂದಿರದಲ್ಲಿ, ಮೂರು ಗಂಟೆಯ ಪ್ರಾರ್ಥನೆ, ಶಿಲುಬೆಗೆ ಮುತ್ತಿಡುವ ಸಾಲು ಉದ್ದ ಇರುತ್ತದೆ ಅಂತ ಲೆಕ್ಕ ಹಾಕಿಯೇ ಹೋಗಿದ್ದೆ. ಮಧ್ಯಕ್ಕೆ ಕತ್ತರಿಸಿ ಎರಡು ಅರ್ಧ ಮಾಡಿದ್ದೆ. ಒಂದನ್ನು ಅವನ ಕೈಗೆ ಕೊಟ್ಟೆ, ಇನ್ನೊಂದನ್ನು ಬೆಳ್ಳಿಕಾಗದದಲ್ಲೇ ಅವನ ಮಡಿಲಲ್ಲಿಟ್ಟೆ. ಹಾಸಿಗೆಯ ಮೇಲೆ ಕೂತಿದ್ದವನು, ಬೆನ್ನಿಗೆ ಮೂರು ದಿಂಬು, ಕುತ್ತಿಗೆ ನಿಲ್ಲುತ್ತಿರಲಿಲ್ಲ, ಅಂಥವನು ದಿಂಬು ಬಿಟ್ಟು ಮುಂದೆ ಬಾಗಿದ, ತೊಟ್ಟಿದ್ದು ಆಸ್ಪತ್ರೆಯ ನಿಲುವಂಗಿ, ಟೈ ಇಲ್ಲ, ಆದರೂ ಎಡಗೈ ಎದೆಗೆ ಹೋಗಿ ಏನನ್ನೋ ಭುಜದ ಮೇಲೆ ಎಸೆಯಿತು, ಬಾಗಿ ಕಚ್ಚಿದ, ಒಂದೇ ತುತ್ತು, ಎಳೆದ, ಅವನ ತುಟಿಗೂ ಬ್ರೆಡ್ಡಿಗೂ ನಡುವೆ ಚೀಸಿನ ಎಳೆ, ಕಿಟಕಿಯ ಬೆಳಕು ಅದರ ಮೇಲೆ. ನಾನು ಒರೆಸಲು ಹೋದೆ. ಕಡೀಬೇಡ ಅಂದ.

ಹೆಜ್ಜೆ ಸದ್ದು ಕೇಳಿತು. ಮೇನಾಳ ಹೆಜ್ಜೆ, ಮರದ ಹಿಮ್ಮಡಿ. ಕಚ್ಚಿದ ಅರ್ಧವನ್ನು ಕಸಿದು ನನ್ನ ಕೈಚೀಲಕ್ಕೆ ತುರುಕಿದೆ, ನನ್ನ ಸ್ವೆಟರಿನ ತೋಳಿನಿಂದ ಅವನ ಗದ್ದ ಒರೆಸಿದೆ, ಇನ್ನೊಂದು ಅರ್ಧ ಅವನ ಮಡಿಲಲ್ಲೇ ಉಳಿಯಿತು, ಅವನು ಅದನ್ನೂ ಎತ್ತಿಕೊಂಡ, ನಾಚಿಕೆಯಿಲ್ಲದ ಮುದುಕ, ಬಾಯಲ್ಲಿದ್ದದ್ದು ನುಂಗಿಯೇ ಇರಲಿಲ್ಲ. ಬಾಗಿಲಲ್ಲಿ ಮೇನಾ. ಅವಳು ಬೈಯಲಿಲ್ಲ, ಕೂಗಲಿಲ್ಲ, ಜನ ಏನೇನೋ ಅಂದುಕೊಂಡರು ಆಮೇಲೆ, ನಾನು ಅಂದುಕೊಳ್ಳಲು ಬಿಟ್ಟೆ. ಮೆಲ್ಲಗೆ ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೆಗೆದುಕೊಂಡಳು, ಮಗುವಿನ ಕೈಯಿಂದ ಕತ್ತರಿ ತೆಗೆದುಕೊಳ್ಳುವ ಹಾಗೆ. ಇವತ್ತೊಂದಿನ ಬೇಡಪ್ಪ, ನಾಳೆ ಮಧ್ಯಾಹ್ನ ಬಿಸಿ ಮಾಡಿ ಕೊಡ್ತೀನಿ, ನಾನೇ ಕೊಡ್ತೀನಿ ಅಂದಳು. ಅಮ್ಮ ಸಾಯುವಾಗ ಹದಿನಾಲ್ಕರ ಹುಡುಗಿಯ ಕೈಹಿಡಿದು ಹೇಳಿ ಹೋಗಿದ್ದಳು, ನಿಮ್ಮಪ್ಪನ್ನ ದೇವರ ಹತ್ರ ಸರಿಯಾಗಿ ಕರ್ಕೊಂಡು ಬರೋದು ನಿನ್ನ ಜವಾಬ್ದಾರಿ, ನಲವತ್ತು ವರ್ಷ ಆ ಹುಡುಗಿ ಆ ಮಾತನ್ನು ಹೊತ್ತುಕೊಂಡೇ ಇದ್ದಳು, ಹೊತ್ತುಕೊಂಡೇ ನನ್ನ ಜಡೆಯನ್ನೂ ಹೆಣೆದಳು, ಎಷ್ಟು ಬಿಗಿ ಅಂದರೆ ಸಂಜೆಯವರೆಗೂ ಹುಬ್ಬು ಇಳಿಯುತ್ತಿರಲಿಲ್ಲ, ನನ್ನ ಶಾಲೆಯ ಡಬ್ಬಿಯನ್ನು ಶುಕ್ರವಾರ ತೆರೆದು ಪರೀಕ್ಷೆ ಮಾಡಿ ಕಳಿಸಿದಳು. ಕೊನೆಯ ಮೆಟ್ಟಿಲಲ್ಲಿ ಅಪ್ಪ ಜಾರಬಾರದು ಅಂತ ಹಿಡಿದಳು, ಅಷ್ಟೇ ಅವಳು ಮಾಡಿದ್ದು. ಅಪ್ಪ ಅವಳನ್ನು ನೋಡಿ ಆಯ್ತಮ್ಮ ಅಂದ, ಅವಳು ಬೆಳ್ಳಿಕಾಗದ ಮಡಿಸಲು ತಿರುಗಿದಾಗ ನನಗೆ ಕಣ್ಣು ಹೊಡೆದ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಹೋದ. ಮಧ್ಯಾಹ್ನ ಆಗಲೇ ಇಲ್ಲ.

ಬಾಣಲೆ ಕಾದಿದೆ, ಮಾಂಸ ಹಾಕಿದೆ, ಸುಂಯ್ ಅಂತ ಎದ್ದು ಇಳಿಯಿತು, ಎರಡು ಸಟ್ಟುಗ ಹಿಡಿದು ಕುಟ್ಟಬೇಕು ಈಗ, ಟಕ ಟಕ ಟಕ, ಅಪ್ಪನ ಹೊಲಿಗೆ ಯಂತ್ರದ ಸದ್ದು, ಜಾಸ್ತಿ ಕುಟ್ಟಬೇಡ, ಚಿಂದಿ ಆಗುತ್ತೆ — ಮಣ್ಣು ಮಾಡಿ ಬಂದ ಮೇಲಿನ ಊಟ, ಚರ್ಚಿನ ನೆಲಮಾಳಿಗೆ, ಉದ್ದ ಮೇಜುಗಳು, ನೆಂಟರು, ಪಾಸ್ತಾದ ದೊಡ್ಡ ತಟ್ಟೆಗಳು, ಮೇನಾ ಎಲ್ಲರಿಗೂ ಬಡಿಸುತ್ತಾ ಬಂದು ನನ್ನ ತಟ್ಟೆಗೂ ಬಡಿಸಿ ತಿನ್ನೇ ಅಂದಳು, ಅಷ್ಟಕ್ಕೇ ನನಗೆ ಏನಾಯಿತೋ, ಎಲ್ಲರೆದುರು ಅಂದೆ, ನೀನು ಅಪ್ಪನ್ನ ಹಸಿದ ಹೊಟ್ಟೇಲಿ ಕಳಿಸ್ದೆ. ಅವಳ ಕೈಯಲ್ಲಿ ಬಡಿಸುವ ಚಮಚ. ಕೆಳಗಿಟ್ಟಳು, ಕೋಟು ಹಾಕಿಕೊಂಡಳು, ಹೋದಳು. ಸುಳ್ಳು ಅಂತ ಗೊತ್ತಿದ್ದೇ ಅಂದೆ. ಆ ಶುಭ ಶುಕ್ರವಾರದ ಸಂಜೆ ಇದೇ ಅಡುಗೆಮನೆಯ ತೊಟ್ಟಿಯ ಮುಂದೆ ನಿಂತು ಆ ಕಚ್ಚಿದ ಅರ್ಧವನ್ನು ಕೈಚೀಲದಿಂದ ತೆಗೆದಿದ್ದೆ, ತಣ್ಣಗಾಗಿತ್ತು, ಕೊಬ್ಬು ಬೆಳ್ಳಗೆ ಗಟ್ಟಿಯಾಗಿತ್ತು, ಅವನ ಹಲ್ಲಿನ ಗುರುತಿನ ಮೇಲೇ ಕಚ್ಚಿ ತಿಂದಿದ್ದೆ, ಬಾಗಿ. ಅವನು ತಿಂದ ಅಂತ ಹೇಳಿದರೆ ಮೇನಾಳ ಭಾರ ಆ ಕ್ಷಣವೇ ಇಳಿಯುತ್ತಿತ್ತು, ಇಳಿದರೆ ನನ್ನ ಸಿಟ್ಟನ್ನು ಎಲ್ಲಿಡಲಿ, ಅಪ್ಪ ಹೋದದ್ದಕ್ಕೆ ಯಾರ ಮೇಲಾದರೂ ಸಿಟ್ಟಾಗಲೇಬೇಕಿತ್ತು, ದೇವರು ಸಿಗುವುದಿಲ್ಲ, ಅಕ್ಕ ಸಿಗುತ್ತಾಳೆ. ಮೊದಲ ಕ್ರಿಸ್ಮಸ್ಸಿಗೆ ಹೇಳೋಣ ಅಂದುಕೊಂಡೆ, ಅವಳು ಕಾರ್ಡು ಕಳಿಸಲಿಲ್ಲ, ಹಾಗಾದರೆ ನಾನ್ಯಾಕೆ ಅಂದುಕೊಂಡೆ, ಎರಡನೆಯ ವರ್ಷಕ್ಕೆ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಗಿತ್ತು, ಆಮೇಲೆ ಆಮೇಲೆ ಅದು ಬೀರುವಿನಲ್ಲಿಟ್ಟು ಮರೆತ ಬಟ್ಟೆಯ ಹಾಗೆ, ಮಡಿಕೆ ಬಿಚ್ಚಿದರೆ ಅಲ್ಲೇ ಹರಿಯುತ್ತದೆ ಅನ್ನುವ ಹೆದರಿಕೆ. ತೋಳಿನ ಮೇಲೆ ಚೀಸಿನ ಕಲೆಯಿದ್ದ ಆ ಸ್ವೆಟರ್ ಕೂಡ ಬೀರುವಿನಲ್ಲೇ ಇದೆ, ಒಗೆದಿಲ್ಲ.

ಕುರ್ಚಿ ಇಲ್ಲ. ಕಣ್ಣು ಬೀದಿಗೆ ಹೋದಾಗ ಅಲ್ಲಿ ಕುರ್ಚಿಯೇ ಇರಲಿಲ್ಲ, ನೀಲಿ ಕಾರಿತ್ತು, ಗಾಜಿನ ಬಾಗಿಲ ತುಂಬಾ ಮೇನಾ, ಕುರ್ಚಿಯನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡು, ಕೂದಲೆಲ್ಲ ಬೆಳ್ಳಗೆ, ಬಣ್ಣ ಹಚ್ಚುವುದು ಬಿಟ್ಟಿದ್ದಾಳೆ, ಅರವತ್ತು, ಅಮ್ಮ ಮುಟ್ಟಲಾಗದ ವಯಸ್ಸು. ಬಾಗಿಲು ತೆಗೆಯೇ, ಇದು ಭಾರ ಇದೆ ಅಂದಳು. ತೆಗೆದೆ. ಇನ್ನೂ ಇದನ್ನ ರಿಪೇರಿ ಮಾಡಿಸಿಲ್ವಾ ಅಂದಳು. ಇಲ್ಲ ಅಂದೆ. ಆರು ವರ್ಷದ ಮೇಲೆ ಎದುರೆದುರು ಆಡಿದ ಮೊದಲ ಮಾತು ಕುರ್ಚಿಯ ಬಗ್ಗೆ, ಒಳ್ಳೆಯದೇ ಆಯಿತು. ಹಿಂದೆ ಹಿಂದೆ ಅಡುಗೆಮನೆಗೆ ಬಂದಳು, ಕೋಟು ಬಿಚ್ಚಲಿಲ್ಲ, ಬಾಣಲೆ ನೋಡಿದಳು, ಬಟ್ಟಲಿನ ಮೇಲಿನ ತಟ್ಟೆ ಎತ್ತಿ ನೋಡಿದಳು, ಮೊಟ್ಟೆ ಮೆಣಸಿನಕಾಯಿ ಕಂಡು ಮತ್ತೆ ಮುಚ್ಚಿದಳು, ಇದು ಯಾರಿಗೆ ಅಂದಳು, ನಿನಗೆ, ಮನಸ್ಸು ಬದಲಾದ್ರೆ ಅಂತ ಅಂದೆ. ನನ್ನ ಮನಸ್ಸು ಬದಲಾಗೋಕೆ ಆರು ವರ್ಷ ಹಿಡೀತು, ಇನ್ನೊಂದ್ಸಲ ಬದಲಾಗೋಷ್ಟು ಆಯುಷ್ಯ ಇಲ್ಲ, ಚೀಸ್ ಹಾಕು, ಮಾಂಸ ಒಣಗ್ತಿದೆ. ಅಕ್ಕ. ಜಡೆ ಹೆಣೆಯುವ ಅಕ್ಕ. ಈರುಳ್ಳಿ ಬೆರೆಸಿದೆ, ಮಾಂಸವನ್ನು ಬ್ರೆಡ್ಡಿನ ಅಳತೆಗೆ ಉದ್ದ ಗುಡ್ಡೆ ಮಾಡಿದೆ, ಮೇಲೆ ಚೀಸಿನ ಹಾಳೆಗಳು, ಒಂದರ ಅಂಚಿನ ಮೇಲೆ ಒಂದು, ಅದರ ಮೇಲೆ ಬಿಚ್ಚಿದ ಬ್ರೆಡ್ಡು ಬೋರಲು, ಹೊಗೆಯೆಲ್ಲ ಬ್ರೆಡ್ಡಿಗೇ ಹೋಗಲಿ, ಚೀಸು ಲೈನಿಂಗಿನ ಹಾಗೆ ಎರಡಕ್ಕೂ ಅಂಟಿಕೊಳ್ಳಲಿ, ಒಳ್ಳೆ ಲೈನಿಂಗು ಹೊರಗೆ ಕಾಣಬಾರದು ಅನ್ನುತ್ತಿದ್ದ ಅಪ್ಪ, ಅರ್ಧ ನಿಮಿಷ, ಇನ್ನು ಹತ್ತು ಎಣಿಸು, ಸಟ್ಟುಗ ಅಡಿಗೆ ತೂರಿಸಿ ಒಂದೇ ಸಲ ಮಗುಚಿದೆ. ಮಧ್ಯಕ್ಕೆ ಕತ್ತರಿಸಿದೆ. ಎರಡು ಅರ್ಧ. ಕೈ ನಿಂತಿತು.

ಅವಳು ಒಂದನ್ನು ಎತ್ತಿಕೊಂಡಿದ್ದಳು. ತಿನ್ನುವ ಮೊದಲು ಕಣ್ಣು ಮುಚ್ಚಿದಳು, ಪ್ರಾರ್ಥನೆಯೋ ಕ್ಷಮೆಯೋ, ಆ ಮುಖವನ್ನು ನಾನು ನೋಡಲಾರದೆ ಹೋದೆ, ಇಲ್ಲದ ತಪ್ಪಿಗೆ ಅವಳು ಈಗ ನಿಜವಾದ ತಪ್ಪು ಮಾಡಲಿದ್ದಾಳೆ, ನಾನು ಕೈಯಾರೆ ಮಾಡಿ ಕೊಟ್ಟು ನೋಡುತ್ತಾ ನಿಂತಿದ್ದೇನೆ. ಮೇನಾ, ಅಪ್ಪ ತಿಂದಿದ್ದ ಅಂದೆ. ಬಾಣಲೆ ಚಟಗುಟ್ಟಿತು. ಏನು ಅಂದಳು. ಅವತ್ತು, ನೀನು ಮೇಲೆ ಬರೋ ಮೊದಲು, ಒಂದು ತುತ್ತು, ಕಚ್ಚಿದ್ದನ್ನ ಚೀಲದಲ್ಲಿ ಮುಚ್ಚಿಟ್ಟೆ, ನೀನು ನೋಡಿದ್ದು ಇನ್ನೊಂದು ಅರ್ಧ. ಅವಳು ಸ್ಯಾಂಡ್‌ವಿಚ್ಚನ್ನು ಕೆಳಗಿಡಲಿಲ್ಲ. ಹಾಗೇ ಹಿಡಿದುಕೊಂಡು ನನ್ನನ್ನೇ ನೋಡುತ್ತಾ, ಚೀಸ್ ಸಿಕ್ತಾ ಆ ತುತ್ತಿನಲ್ಲಿ ಅಂದಳು. ಸಿಕ್ತು ಅಂದೆ. ನುಂಗಿದ್ನಾ. ನಿನಗೆ ಆಯ್ತಮ್ಮ ಅಂದ ಮೇಲೆ ನುಂಗಿದ. ಅವಳ ಬಾಯಿಯ ಮೂಲೆ ಅಲುಗಿತು, ಆ ಮುದುಕ, ಅಂದಳು, ಮತ್ತೆ ಕೇಳಿದಳು, ಬಾಗಿದ್ನಾ. ಬಾಗಿದ ಮೇನಾ, ದಿಂಬು ಬಿಟ್ಟು ಬಾಗಿದ, ಇಲ್ಲದ ಟೈ ಎತ್ತಿ ಭುಜದ ಮೇಲೆ ಹಾಕ್ಕೊಂಡ. ಆಗ ಅತ್ತಳು. ನಾನು ಹುಟ್ಟಿದಾಗಿನಿಂದ ನೋಡದ್ದನ್ನು ನೋಡಿದೆ, ಸದ್ದಿಲ್ಲ, ಮುಖ ಒದ್ದೆ, ಕೈ ಮಾತ್ರ ಅಲುಗದೆ ಸ್ಯಾಂಡ್‌ವಿಚ್ ಹಿಡಿದೇ ಇತ್ತು. ಆರು ವರ್ಷ, ವೀರಾ, ಅಂದಳು. ಹೌದು ಅಂದೆ. ದಿನಾ ಮಲಗೋ ಮುಂಚೆ ಮನಸ್ಸಲ್ಲೇ ಅವನ ಬೆರಳು ಬಿಡಿಸ್ತಿದ್ದೆ ಕಣೇ ನಾನು. ಮೊಟ್ಟೆ ಮಾಡಿ ಕೊಡ್ಲಾ, ಇನ್ನು ಇದನ್ನ ತಿನ್ನಬೇಕಾಗಿಲ್ಲ ನೀನು ಅಂತ ಮಾತ್ರ ಹೇಳಿದೆ, ದಡ್ಡಿಯ ಹಾಗೆ ಬಟ್ಟಲಿಗೆ ಕೈ ಹಾಕಿದೆ. ಬಿಡು ಅದನ್ನ ಅಂದಳು. ತೋಳಿನಿಂದ ಕಣ್ಣು ಒರೆಸಿಕೊಂಡಳು. ನಿನ್ನ ಆಮೇಲೆ ವಿಚಾರಿಸ್ಕೋತೀನಿ, ಚೆನ್ನಾಗಿ ವಿಚಾರಿಸ್ಕೋತೀನಿ, ಮೊದಲು ತಿನ್ನೋಣ, ಇದು ತಣ್ಣಗಾಗುತ್ತೆ, ಇನ್ನೊಂದ್ಸಲ ತಣ್ಣಗಾಗೋಕೆ ಬಿಡಲ್ಲ ನಾನು, ನಿಂದೂ ತಗೋ. ಕತ್ತಿನ ಶಿಲುಬೆಯ ಸರವನ್ನು ಹಿಡಿದು ಎಡಭುಜದ ಮೇಲಿಂದ ಬೆನ್ನಿಗೆ ಎಸೆದಳು, ಕಾಲೆರಡನ್ನೂ ಹಿಂದೆ ಸರಿಸಿದಳು, ಸೊಂಟದಿಂದ ಬಾಗಿದಳು, ಪಕ್ಕದಲ್ಲಿ ನಾನು ಬಾಗಿದೆ, ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು, ಅವಳು ಕಚ್ಚಿದಳು, ಎಳೆದಳು, ತುಟಿಗೂ ಬ್ರೆಡ್ಡಿಗೂ ನಡುವೆ ಎಳೆ, ಉದ್ದಕ್ಕೆ, ಇನ್ನೂ ಉದ್ದಕ್ಕೆ, ನನ್ನ ಬೆರಳು ಎದ್ದಿತು, ನಿಂತಿತು, ಕಿಟಕಿಯ ಬೆಳಕು, ಕಡೀಬೇಡ, ಎಳೆ —